ಅಸಿಟೋನ್ ಕೊಟ್ಟು ದೇಶ ಪಡೆದ ಕಥೆ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಅಸಿಟೋನ್ ಎಂಬ ದ್ರಾವಕವನ್ನು ತಯಾರಿಸಿಕೊಟ್ಟ ರಸಾಯನವಿಜ್ಞಾನಿ ಹೈಮ್ ವೈಜ್‌ಮನ್ ಅವರು ಬಿರುದುಗಳನ್ನು ಬೇಡವೆಂದು ತಮ್ಮ ಯಹೂದಿ ಜನರಿಗೊಂದು ನೆಲೆಯನ್ನು ಕೇಳಿದರೆಂದೂ, ಪ್ಯಾಲೆಸ್ಟೀನಿನಲ್ಲಿ ಆ ನೆಲೆಗೆ ಬ್ರಿಟನ್ನಿನ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆ ಅದರಿಂದಲೇ ಹುಟ್ಟಿತೆಂದೂ ಹೇಳುವ ಕಥೆ ವಿಜ್ಞಾನದ ಓದುಗರಿಗೆ ಬಹಳ ಇಷ್ಟ. ಯುದ್ಧಕಾಲದ ಪ್ರಧಾನಿ ಲಾಯ್ಡ್ ಜಾರ್ಜ್ ಅವರೇ 1933ರಲ್ಲಿ ತಮ್ಮ ನೆನಪುಗಳಲ್ಲಿ ಹೀಗೆ ಬರೆದುಬಿಟ್ಟರು. ಅದರಲ್ಲಿನ ರಸಾಯನಶಾಸ್ತ್ರವನ್ನು ನಂಬಬಹುದು, ರಾಜಕಾರಣವನ್ನು ನಂಬುವಂತಿಲ್ಲ.

ಕಾರ್ಡೈಟ್ ಎಂಬ ತೋಪಿನ ಮದ್ದಿಗೆ ನೈಟ್ರೊಗ್ಲಿಸರಿನ್ ಎಂಬ ಎಣ್ಣೆಯನ್ನೂ ನೈಟ್ರೊಸೆಲ್ಯುಲೋಸ್ ಎಂಬ ನಾರನ್ನೂ ಒಂದಾಗಿಸಬೇಕು. ಅಸಿಟೋನ್ ಹಾಕಿ ನಾದಿದರೆ ಎರಡೂ ಬೆರೆತು ಕಣಕವಾಗುತ್ತವೆ. ಅದನ್ನು ಶಾವಿಗೆಯಂತೆ ಎಳೆಯೆಳೆಯಾಗಿ ಒತ್ತಿ ಒಣಗಿಸಿದಾಗ ಅಸಿಟೋನ್ ಆವಿಯಾಗಿ ಹೋಗುತ್ತದೆ. ಕಟ್ಟಿಗೆಯನ್ನು ಬಟ್ಟಿಯಿಳಿಸಿ ಪಡೆಯುತ್ತಿದ್ದ ಅಸಿಟೋನ್ ಯುದ್ಧದ ಬೇಡಿಕೆಗೆ ಸಾಲದಾಯಿತು.

ಕೃತಕ ರಬ್ಬರಿಗಾಗಿ ಬ್ಯುಟನಾಲ್ ತಯಾರಿಸಲು ಹೊರಟಿದ್ದ ವೈಜ್‌ಮನ್, ಮ್ಯಾಂಚೆಸ್ಟರಿನಲ್ಲಿ ಮೆಕ್ಕೆಜೋಳದ ಪಿಷ್ಟವನ್ನು ನೇರವಾಗಿ ಹುದುಗಿಸಬಲ್ಲ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿದ್ದರು. ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟಿಲಿಕಂ ಎಂದು ಇಂದು ಕರೆಯುವ ಈ ಜೀವಿ ಗಾಳಿಯಿಲ್ಲದೆಡೆ ಬೆಳೆಯುತ್ತ ಮೊದಲು ಸಕ್ಕರೆಯನ್ನು ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳಾಗಿ ಒಡೆದು ಹೊರಚೆಲ್ಲುತ್ತದೆ. ರಾತ್ರಿಯಿಡೀ ಇಟ್ಟ ದೋಸೆ ಹಿಟ್ಟಿನಂತೆ ತೊಟ್ಟಿ ಹುಳಿಯಾಗುತ್ತದೆ. ಹುಳಿ ಮಿತಿಮೀರಿದರೆ ಬ್ಯಾಕ್ಟೀರಿಯಾಕ್ಕೇ ಸಾವು. ಆದ್ದರಿಂದ, ಬಚ್ಚಲ ನೀರು ಅಂಗಳದಲ್ಲಿ ಕೊಳೆಯಾಗದಂತೆ ತೆಂಗಿನ ಬುಡಕ್ಕೆ ತಿರುಗಿಸುವ ಮನೆಯವರ ಹಾಗೆ, ಅದು ತಾನೇ ಚೆಲ್ಲಿದ ಆಮ್ಲವನ್ನು ಮರಳಿ ಒಳಗೆಳೆದುಕೊಂಡು ಅಸಿಟೋನ್ ಮತ್ತು ಬ್ಯುಟನಾಲ್ ಆಗಿ ಮಾರ್ಪಡಿಸುತ್ತದೆ. ಬ್ಯುಟನಾಲ್ ಸಹ ವಿಷವೇ; ಆದರೆ ಅಷ್ಟರಲ್ಲಿ ಬೀಜಕಣಗಳನ್ನು ಕಟ್ಟಿಕೊಳ್ಳಲು ಸಮಯ ಸಿಕ್ಕಿರುತ್ತದೆ. ಸಿಗುವ ದ್ರಾವಕದ ಹತ್ತು ಪಾಲಿನಲ್ಲಿ ಸುಮಾರು ಆರು ಬ್ಯುಟನಾಲ್, ಮೂರು ಅಸಿಟೋನ್, ಒಂದು ಎಥನಾಲ್. ಆ ಮೂರು ಪಾಲಿಗಾಗಿ ಲಂಡನ್ನಿನ ಜಿನ್ ಭಟ್ಟಿಯೊಂದು ಪ್ರಯೋಗಶಾಲೆಯಾಯಿತು. 1917ರಲ್ಲಿ ಮೆಕ್ಕೆಜೋಳ ಸಾಲದಾದಾಗ ಶಾಲಾಮಕ್ಕಳು ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಕಾಯಿಗಳನ್ನು ಆಯ್ದು ತಂದರು, ಇಳುವರಿ ಮಾತ್ರ ಅಷ್ಟಕ್ಕಷ್ಟೆ.

ಇಷ್ಟಾಗಿಯೂ ಅಸಿಟೋನ್ ಅನಿವಾರ್ಯವಾಗಿತ್ತೆನ್ನಲಾಗದು. ನೌಕಾದಳ ಅದನ್ನೇ ನೆಚ್ಚಿಕೊಂಡಿತ್ತಾದರೂ, ಭೂಸೇನೆಗೆ ಈಥರ್ ಮತ್ತು ಆಲ್ಕೊಹಾಲ್ ಬಳಸಿ ಬೇರೆ ಬಗೆಯ ಕಾರ್ಡೈಟ್ ತಯಾರಾಗುತ್ತಿತ್ತು.

ಇನ್ನು ರಾಜಕಾರಣದ ತಾರೀಖುಗಳನ್ನು ನೋಡಬೇಕು. ಘೋಷಣೆಯ ಪತ್ರಕ್ಕೆ ಸಹಿ ಹಾಕಿದ ವಿದೇಶಾಂಗ ಮಂತ್ರಿ ಬಾಲ್ಫರ್ ಅವರು ವೈಜ್‌ಮನ್ ಅವರೊಡನೆ ಮಾತನಾಡಿದ್ದು 1906ರಲ್ಲಿ. ಅದಕ್ಕೂ ಮುಂಚೆ, 1903ರಲ್ಲೇ, ಪೂರ್ವ ಆಫ್ರಿಕದಲ್ಲಿ ಯಹೂದಿ ವಸಾಹತಿನ ಕರಡನ್ನು ಸಿದ್ಧಪಡಿಸಿದ್ದು ಲಾಯ್ಡ್ ಜಾರ್ಜ್ ಅವರ ವಕೀಲಿ ಸಂಸ್ಥೆ. 1915ರ ಫೆಬ್ರುವರಿಯಲ್ಲಿ ಒಟ್ಟೋಮನ್ ಸೇನೆ ಸೂಯೆಜ್ ಕಾಲುವೆಯ ಮೇಲೆ ದಾಳಿ ಮಾಡಿದಾಗ, ಭಾರತದ ದಾರಿಯನ್ನು ಕಾಯಲು ಪ್ಯಾಲೆಸ್ಟೀನ್ ಬೇಕೆಂಬ ವಾದಕ್ಕೆ ಬಲ ಬಂತು. ಆದರೆ ಫ್ರಾನ್ಸಿನೊಡನೆ ಮಾಡಿಕೊಂಡ 1916ರ ರಹಸ್ಯ ಒಪ್ಪಂದವು ಅದರ ಬಹುಭಾಗವನ್ನು ಅಂತರರಾಷ್ಟ್ರೀಯ ಆಡಳಿತಕ್ಕೆ ಬಿಟ್ಟಿತ್ತು. ಫ್ರಾನ್ಸನ್ನು ದೂರವಿಡಲು ಬ್ರಿಟನ್ನಿಗೊಂದು ನೆಪ ಬೇಕಾಗಿತ್ತು. 1917ರಲ್ಲಿ ರಷ್ಯ ಕುಸಿಯುತ್ತಿತ್ತು, ಅಮೆರಿಕ ಆಗಷ್ಟೇ ಯುದ್ಧಕ್ಕಿಳಿದಿತ್ತು, ಎರಡೂ ಕಡೆ ಯಹೂದಿಗಳ ಮಾತೇ ನಡೆಯುತ್ತದೆಂದು ಲಂಡನ್ ನಂಬಿತ್ತು. ಯಹೂದಿಗಳಿಗೆ ಗುಪ್ತವಾದ ಜಾಗತಿಕ ಶಕ್ತಿಯಿದೆಯೆಂಬ ಈ ನಂಬಿಕೆ ಯಹೂದಿದ್ವೇಷದ ಹಳೆಯ ಮೂಢನಂಬಿಕೆಯೇ. ವಿಚಿತ್ರವೆಂದರೆ ಇಲ್ಲಿ ಅದು ಅವರ ಪರವಾಗಿ ಕೆಲಸ ಮಾಡಿತು. ಘೋಷಣೆಯನ್ನು ಕಟುವಾಗಿ ವಿರೋಧಿಸಿದ ಮಂತ್ರಿ ಎಡ್ವಿನ್ ಮಾಂಟೆಗು ಸ್ವತಃ ಯಹೂದಿ, ಭಾರತ ಖಾತೆಯ ಕಾರ್ಯದರ್ಶಿ.

ಅಸಿಟೋನಿನಿಂದ ವೈಜ್‌ಮನ್ ಅವರಿಗೆ ದೊರೆತದ್ದು ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಬರುವ ಅವಕಾಶ, ನೌಕಾಖಾತೆಯ ಪ್ರಯೋಗಾಲಯಗಳ ಹೊಣೆ, ಮಂತ್ರಿಗಳ ಮನೆಬಾಗಿಲು ತಟ್ಟುವ ಸಲಿಗೆ. ಇತಿಹಾಸಕ್ಕೆ ಅಲ್ಲಾದೀನನ ದೀಪಗಳು ಒಗ್ಗುವುದಿಲ್ಲವೆಂದು ಅವರೇ ಲಾಯ್ಡ್ ಜಾರ್ಜ್ ಕಥೆಯನ್ನು ತಳ್ಳಿಹಾಕಿದ್ದಾರೆ.

1917ರ ನವೆಂಬರ್ 2ರಂದು ಹೊರಟ ಆ ಪತ್ರದ ಘೋಷಣೆಯಲ್ಲಿದ್ದದ್ದು ಕೇವಲ 67 ಪದ. ಪ್ಯಾಲೆಸ್ಟೀನಿನ ಜನರಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟಿದ್ದ ಅರಬರ ಹೆಸರು ಅದರಲ್ಲಿಲ್ಲ. ಅವರು ‘ಯಹೂದಿಯೇತರ ಸಮುದಾಯಗಳು’, ಅವರಿಗೆ ನಾಗರಿಕ ಮತ್ತು ಧಾರ್ಮಿಕ ಹಕ್ಕಿನ ಭರವಸೆಯುಂಟು, ರಾಜಕೀಯ ಹಕ್ಕಿನ ಮಾತಿಲ್ಲ. ಅಂದು ಜೆರುಸಲೇಮ್ ಇನ್ನೂ ಒಟ್ಟೋಮನ್ನರ ಕೈಯಲ್ಲಿತ್ತು. ಹೈಫಾ ಬ್ರಿಟನ್ನಿನ ವಶವಾದದ್ದು 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಫಿರಂಗಿಗಳಿಗೆ ಎದುರಾಗಿ ನುಗ್ಗಿದ ಮೇಲೆ.