ಜ್ಞಾನಸ್ನಾನ ಆಗದ ಮಗು ಎಲ್ಲಿಗೆ ಹೋಗುತ್ತದೆ?

ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ವಿಷಯದಲ್ಲಿ ನಮ್ಮ ಜನ ನನ್ನನ್ನು ಎರಡು ರೀತಿ ಗೋಳು ಹೊಯ್ದುಕೊಳ್ಳುತ್ತಾರೆ. ಮಗು ಗುಂಡುಗುಂಡಾಗಿ ಚೆನ್ನಾಗಿದ್ದರೆ ವರ್ಷವಾದರೂ ಚರ್ಚಿನ ಕಡೆ ತಲೆ ಹಾಕುವುದಿಲ್ಲ. ಹಾಲ್ ಸಿಕ್ಕಿಲ್ಲ, ದುಬೈನಲ್ಲಿರುವ ಸೋದರಮಾವನಿಗೆ ರಜೆ ಸಿಕ್ಕಿಲ್ಲ, ಬಿರಿಯಾನಿಯವನು ಡೇಟ್ ಕೊಟ್ಟಿಲ್ಲ. ಅದೇ ಮಗು ಐಸಿಯು ಸೇರಿದರೆ ಮಧ್ಯರಾತ್ರಿ ಫೋನ್: ‘ಫಾದರ್, ಈಗಲೇ ಬನ್ನಿ. ನೀರು ಬೀಳದೆ ಹೋದ್ರೆ ಮಗೂಗೆ ಸ್ವರ್ಗ ಇಲ್ಲ ಅಂತೆ!’

ಮಧ್ಯರಾತ್ರಿ ಹೋಗುವುದು ನನ್ನ ಕೆಲಸ, ಅದಕ್ಕೆ ದೂರಿಲ್ಲ. ಆ ‘ಅಂತೆ’ ಇದೆಯಲ್ಲ, ಅದು ಎಲ್ಲಿಂದ ಬಂತು ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಅಜ್ಜಿ ಹೇಳಿದರು, ಅಜ್ಜಿಗೆ ಅವರ ಅಜ್ಜಿ ಹೇಳಿದ್ದರು.

ನಾನು ಕಥೋಲಿಕ ಗುರು. ಇಲ್ಲಿ ಬರೆಯುವುದು ನಮ್ಮ ಧರ್ಮಸಭೆಯ ಬೋಧನೆ. ಬ್ಯಾಪ್ಟಿಸ್ಟ್ ಮತ್ತು ಪೆಂತೆಕೋಸ್ತ್ ಪಾಸ್ಟರ್‌ಗಳು ಮೊದಲು ನಂಬಿಕೆ, ಆಮೇಲೆ ನೀರು ಅನ್ನುತ್ತಾರೆ. ಸಾಲ್ವೇಷನ್ ಆರ್ಮಿಯವರು ನೀರಿನ ದೀಕ್ಷೆಯನ್ನೇ ಕೊಡುವುದಿಲ್ಲ. ಅವರ ಜೊತೆ ಜಗಳ ಇವತ್ತಿನ ವಿಷಯವಲ್ಲ. ನನ್ನ ಜಗಳ ನಮ್ಮ ಮನೆಯವರ ಜೊತೆಯೇ.

‘ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರ’ ಎಂದು ಯೇಸು ನಿಕೊದೇಮನಿಗೆ ಹೇಳಿದ್ದು ಯೊವಾನ್ನನ ಶುಭಸಂದೇಶದ ಮೂರನೇ ಅಧ್ಯಾಯದಲ್ಲಿದೆ. ಇದನ್ನು ಧರ್ಮಸಭೆ ಹಗುರವಾಗಿ ತೆಗೆದುಕೊಂಡಿಲ್ಲ. ರಕ್ಷಣೆಗೆ ಜ್ಞಾನಸ್ನಾನ ಬೇಕೇ ಬೇಕು ಎಂದು ಇವತ್ತಿಗೂ ಕಲಿಸುತ್ತದೆ. 1992ರಲ್ಲಿ ಬಂದ ಧರ್ಮೋಪದೇಶ ಗ್ರಂಥದ 1257ನೇ ಪರಿಚ್ಛೇದದಲ್ಲೂ ಅದೇ ಇದೆ. ಆದರೆ ಅಲ್ಲೇ ಇನ್ನೂ ಎರಡು ಮಾತುಗಳಿವೆ. ಒಂದು, ಶುಭಸಂದೇಶ ಯಾರ ಕಿವಿಗೆ ಬಿದ್ದಿದೆಯೋ, ಜ್ಞಾನಸ್ನಾನವನ್ನು ಕೇಳಿ ಪಡೆಯುವ ಅವಕಾಶ ಯಾರಿಗೆ ಇತ್ತೋ, ಅವರಿಗೆ ಅದು ಬೇಕೇ ಬೇಕು. ಇನ್ನೊಂದು, ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಾನು ಇಷ್ಟು ವರ್ಷದಿಂದ ಆಸ್ಪತ್ರೆ ಕಾರಿಡಾರುಗಳಲ್ಲಿ ನಿಂತು ಹೇಳುತ್ತಿರುವುದು ಇಷ್ಟೇ. ಕಟ್ಟುಪಾಡು ನಮ್ಮ ಮೇಲಿದೆ. ‘ಕೈ ತೊಳ್ಕೊಂಡು ಊಟಕ್ಕೆ ಬಾ’ ಎಂದು ತಾಯಿ ದಿನಾ ಹೇಳುತ್ತಾಳೆ. ತೊಳೆಯದೆ ಬಂದ ಪೋಕರಿಯನ್ನು ಎಬ್ಬಿಸಿ ಕಳಿಸುತ್ತಾಳೆ ಕೂಡ. ಅದೇ ಮಗು ಜ್ವರದಲ್ಲಿ ಏಳಲಾರದೆ ಮಲಗಿದ್ದರೆ? ತಟ್ಟೆ ಹಿಡಿದು ಅವಳೇ ಹಾಸಿಗೆ ಹತ್ತಿರ ಹೋಗುತ್ತಾಳೆ. ಹಾಗಂತ ಮನೆಯಲ್ಲಿ ಕೈ ತೊಳೆಯುವ ನಿಯಮ ರದ್ದಾಯಿತು ಅಂತಲ್ಲ. ನಡೆಯಲು ಬರುವವನು ಎದ್ದು ಹೋಗಿ ತೊಳೆಯಲೇಬೇಕು.

ಇಷ್ಟು ಹೇಳಿದ ಮೇಲೆ ತಲೆಯಾಡಿಸುತ್ತಾರೆ. ಆಮೇಲೆ ಕೇಳುತ್ತಾರೆ, ‘ಹಾಗಾದ್ರೆ ಜ್ಞಾನಸ್ನಾನ ಇಲ್ದಿದ್ರೂ ನಡಿಯುತ್ತೆ ಅಲ್ವಾ ಫಾದರ್?’ ನಾನು ಹಣೆ ಚಚ್ಚಿಕೊಳ್ಳಬೇಕು. ನಡೆಯುತ್ತೆ ಅಂತ ನಾನು ಎಲ್ಲಿ ಹೇಳಿದೆ? ಕೊಡಿಸಲು ಕೈಯಲ್ಲಿ ಆಗುತ್ತಿದ್ದೂ ಸುಮ್ನೆ ಕೂತವರ ಪ್ರಶ್ನೆ ಬೇರೆ, ಕೊಡಿಸಲು ಆಗದೇ ಹೋದವರ ಪ್ರಶ್ನೆ ಬೇರೆ. ಮಾರ್ಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಹೇಗಿದೆ ನೋಡಿ: ನಂಬಿ ಜ್ಞಾನಸ್ನಾನ ಪಡೆಯುವವನು ರಕ್ಷಣೆ ಹೊಂದುವನು, ನಂಬದವನು ದಂಡನೆಗೆ ಗುರಿಯಾಗುವನು. ಎರಡನೇ ಭಾಗದಲ್ಲಿ ನೀರಿನ ಮಾತೇ ಇಲ್ಲ. ಇದೊಂದೇ ವಾಕ್ಯದ ಮೇಲೆ ಸಿದ್ಧಾಂತ ಕಟ್ಟಬೇಡಿ, ಅದು ಅಪಾಯ. ಆದರೆ ಓದುವಾಗ ಪೂರ್ತಿ ಓದಿ.

ಅಜ್ಜಿಯರದ್ದೇ ತಪ್ಪು ಎನ್ನುವುದೂ ನ್ಯಾಯವಲ್ಲ. ಅವರಿಗೆ ಆ ಭಯ ಕಲಿಸಿದವರು ನಾವೇ, ಅಂದರೆ ಗುರುಗಳು. ಐದನೇ ಶತಮಾನದಲ್ಲಿ, ಮಕ್ಕಳು ಹುಟ್ಟುವಾಗ ಪಾಪವಿಲ್ಲದೆ ಹುಟ್ಟುತ್ತವೆ ಎನ್ನುತ್ತಿದ್ದ ಪೆಲಾಜಿಯಸ್‌ನ ಕಡೆಯವರ ಜೊತೆ ವಾದಕ್ಕೆ ಬಿದ್ದ ಸಂತ ಅಗಸ್ಟೀನರು, ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳಿಗೂ ದಂಡನೆ ಇದೆ, ಆದರೆ ಎಲ್ಲಕ್ಕಿಂತ ಕಡಿಮೆ ದಂಡನೆ ಎಂದು ಬರೆದರು. ಬುದ್ಧಿವಂತರು ವಾದದ ಬಿಸಿಯಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ನೋಡಿ. ಮಧ್ಯಯುಗದ ಪಂಡಿತರಿಗೆ ಇದು ಅರಗಲಿಲ್ಲ. ಅವರು ಲಿಂಬೋ ಎಂಬ ಜಾಗ ಹೇಳಿದರು. ಅಲ್ಲಿ ನೋವಿಲ್ಲ, ನೆಮ್ಮದಿ ಇದೆ, ಆದರೆ ದೇವರ ಮುಖದರ್ಶನವಿಲ್ಲ. ತಲೆಮಾರುಗಳ ತಾಯಂದಿರು ಇದನ್ನೇ ಕೇಳಿ ಅತ್ತಿದ್ದಾರೆ. ಲಿಂಬೋ ಎಂದೂ ವಿಶ್ವಾಸಸತ್ಯ ಎಂದು ಘೋಷಣೆಯಾಗಿರಲಿಲ್ಲ. ಅದು ಪಂಡಿತರ ಊಹೆ, ಉಪದೇಶದ ಕ್ಲಾಸಿನಲ್ಲಿ ಸತ್ಯದ ತರ ಪಾಠವಾಯಿತು ಅಷ್ಟೆ. 1992ರ ಗ್ರಂಥದಲ್ಲಿ ಅದರ ಹೆಸರೇ ಇಲ್ಲ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದಷ್ಟೇ 1261ನೇ ಪರಿಚ್ಛೇದ ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದರ ಮೇಲೇ ಒಂದು ದಾಖಲೆ ತಂದಿತು. ಈ ಮಕ್ಕಳು ರಕ್ಷಣೆ ಹೊಂದುತ್ತಾರೆ ಎಂದು ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದಿತು. ಗಮನಿಸಿ, ಭರವಸೆ ಎಂದಿತು. ಕಣ್ಣಾರೆ ಕಂಡವರಂತೆ ಖಚಿತ ಎನ್ನಲಿಲ್ಲ. ನಾನೂ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆದರೆ ಡಿಸೆಂಬರ್ 28ಕ್ಕೆ ಯಾರ ಹಬ್ಬ ಆಚರಿಸುತ್ತೇವೆ? ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಗೂಸುಗಳದ್ದು. ಅವುಗಳ ತಲೆಗೆ ಯಾರೂ ನೀರು ಹಾಕಿರಲಿಲ್ಲ. ಧರ್ಮಸಭೆ ಅವನ್ನು ಸಂತರು ಎನ್ನುತ್ತದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಂತೂ ಎಲ್ಲರಿಗೂ ಗೊತ್ತು; ನೀರಿಲ್ಲದೆಯೇ ಅವನಿಗೆ ಯೇಸು ಸ್ವರ್ಗದ ಮಾತು ಕೊಟ್ಟರು.

ದೊಡ್ಡವರ ವಿಷಯದಲ್ಲೂ ಇದೇ ಗಾಬರಿ. ಒಬ್ಬ ಯುವಕ ನಮ್ಮಲ್ಲಿ ಈಸ್ಟರ್ ಜಾಗರಣೆಯ ರಾತ್ರಿ ಜ್ಞಾನಸ್ನಾನಕ್ಕೆ ತಯಾರಾಗುತ್ತಿದ್ದ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಬೈಕ್ ಅಪಘಾತದಲ್ಲಿ ಹೋದ. ಮದುವೆ ಗೊತ್ತಾಗಿದ್ದ ಹುಡುಗಿಯ ಅಮ್ಮ ಬಂದು, ‘ನಮ್ಮ ಸ್ಮಶಾನದಲ್ಲಿ ಜಾಗ ಕೊಡಲ್ಲ ಅಲ್ವಾ ಫಾದರ್?’ ಎಂದರು. ಕೊಟ್ಟೆವು, ಪೂಜೆಯನ್ನೂ ಮಾಡಿದೆವು. 1983ರ ಧರ್ಮಸಭಾ ಕಾನೂನಿನ 1183ನೇ ವಿಧಿ ಅಂತ್ಯಕ್ರಿಯೆಯ ಮಟ್ಟಿಗೆ ದೀಕ್ಷಾರ್ಥಿಗಳನ್ನು, ಅಂದರೆ ಜ್ಞಾನಸ್ನಾನಕ್ಕೆ ತಯಾರಾಗುತ್ತಿರುವವರನ್ನು, ನಮ್ಮವರಲ್ಲೇ ಲೆಕ್ಕ ಹಾಕುತ್ತದೆ. ಇದೇನು ಈಗಿನ ಸಡಿಲಿಕೆಯೂ ಅಲ್ಲ. 392ರಲ್ಲಿ ಚಕ್ರವರ್ತಿ ಎರಡನೇ ವ್ಯಾಲೆಂಟೀನಿಯನ್ ಜ್ಞಾನಸ್ನಾನ ಕೇಳಿದ್ದರೂ ಅದು ಸಿಗುವ ಮೊದಲೇ ಸತ್ತ. ಅಳುತ್ತಿದ್ದ ಅವನ ತಂಗಿಯರಿಗೆ ಮಿಲಾನಿನ ಸಂತ ಅಂಬ್ರೋಸರು ಹೇಳಿದ್ದರ ತಿರುಳು ಇಷ್ಟು: ಅವನು ಬಯಸಿದ್ದ, ಕೇಳಿದ್ದ, ಕೇಳಿದ್ದು ಅವನಿಗೆ ಸಿಕ್ಕಿದೆ.

ಇನ್ನೊಂದು ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಮೆರಿಕದ ಬಾಸ್ಟನ್ ಹತ್ತಿರ ಲಿಯೊನಾರ್ಡ್ ಫೀನಿ ಎಂಬ ಯೇಸುಸಭೆಯ (ಜೆಸ್ವಿಟ್) ಗುರು ಇದ್ದರು. ಧರ್ಮಸಭೆಯ ಒಳಗೆ ಸೇರದವನಿಗೆ ರಕ್ಷಣೆ ಇಲ್ಲ, ನೀರಿಗಾಗಿ ಬರೀ ಹಂಬಲಿಸಿದರೆ ಸಾಲದು, ನೀರೇ ಬೀಳಬೇಕು ಎಂದು ಪಟ್ಟು ಹಿಡಿದರು. 1949ರಲ್ಲಿ ರೋಮ್ ಪತ್ರ ಬರೆದು, ಹಾಗಲ್ಲಪ್ಪ, ಹಂಬಲವೂ ಲೆಕ್ಕಕ್ಕಿದೆ ಎಂದಿತು. ಫೀನಿ ಕರೆದರೆ ರೋಮಿಗೂ ಹೋಗಲಿಲ್ಲ. 1953ರಲ್ಲಿ ಬಹಿಷ್ಕಾರವಾಯಿತು. ಕಾಗದದಲ್ಲಿ ಕಾರಣ ಅವಿಧೇಯತೆ, ನಿಜ. ಆದರೂ ಒಳಗಿರುವವರಿಗೆ ಮಾತ್ರ ಸ್ವರ್ಗ ಎಂದವರೇ ಹೊರಗಾದರು! 1972ರಲ್ಲಿ ರಾಜಿಯಾಯಿತು.

ಈಗ ಆಸ್ಪತ್ರೆಗೆ ಬರೋಣ. ನವಜಾತ ಶಿಶುಗಳ ಐಸಿಯುನಲ್ಲಿ ಬಿಂದಿಗೆ, ತಟ್ಟೆ, ಮೇಣದಬತ್ತಿ ಏನೂ ನಡೆಯುವುದಿಲ್ಲ. ನರ್ಸ್ ಒಂದು ಚಿಕ್ಕ ಸಿರಿಂಜಿಗೆ ಸ್ಟೆರೈಲ್ ವಾಟರ್ ಎಳೆದು, ಸೂಜಿ ತೆಗೆದು ಕೊಡುತ್ತಾರೆ. ಇನ್‌ಕ್ಯುಬೇಟರಿನ ದುಂಡು ಕಿಟಕಿಯೊಳಗೆ ಕೈ ತೂರಿಸಿ, ಮಗುವಿನ ಉಲ್ಲನ್ ಟೋಪಿ ಸ್ವಲ್ಪ ಸರಿಸಿ, ಹಣೆಯ ಮೇಲೆ ಮೂರು ಸಲ ಬಿಡಬೇಕು. ನೀರು ಚರ್ಮದ ಮೇಲೆ ಹರಿಯಬೇಕು, ಅಷ್ಟೇ. ಜೊತೆಗೆ ಹೆಸರು ಹಿಡಿದು, ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎನ್ನಬೇಕು. ಇಡೀ ಕೆಲಸಕ್ಕೆ ಒಂದು ನಿಮಿಷ ಬೇಡ.

ಪ್ರಾಣಾಪಾಯವಿದ್ದರೆ ಇದಕ್ಕೆ ನಾನೇ ಬರಬೇಕಾಗಿಲ್ಲ. ಅಪ್ಪ ಮಾಡಬಹುದು, ಅಮ್ಮ ಮಾಡಬಹುದು. ಧರ್ಮಸಭೆಯ ಮನಸ್ಸಿನಂತೆ ಮಾಡುತ್ತೇನೆ ಎಂಬ ಉದ್ದೇಶವಿದ್ದರೆ ಕ್ರೈಸ್ತರಲ್ಲದವರೂ ಮಾಡಬಹುದು. 1439ರಲ್ಲೇ ಫ್ಲಾರೆನ್ಸ್ ಮಹಾಸಭೆ ಇದನ್ನು ಹೇಳಿದೆ. ಒಮ್ಮೆ ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ತಾಯಿ ಕೇಳಿಕೊಂಡರೆಂದು ಹಿಂದೂ ನರ್ಸ್ ಒಬ್ಬರು ಫೋನಿನಲ್ಲೇ ಮಾತು ಕೇಳಿಸಿಕೊಂಡು ನೀರು ಹಾಕಿದ್ದರು. ನಾನು ತಲುಪಿದಾಗ ಗಾಬರಿಯಲ್ಲಿ, ‘ನಾನ್ ಹಾಕಿದ್ದು ಲೆಕ್ಕಕ್ಕೆ ಬರುತ್ತಾ ಫಾದರ್?’ ಎಂದರು. ಬರುತ್ತಮ್ಮಾ, ನನ್ನದಕ್ಕಿಂತ ಒಂದು ಗುಲಗಂಜಿ ಕಡಿಮೆಯಿಲ್ಲ ಎಂದೆ.

ಮಗು ತೀರಿಕೊಂಡ ಮೇಲೆ ನೀರು ಹಾಕಿ ಎಂದು ಕೇಳಬೇಡಿ. ನಾನು ಹಾಕುವುದಿಲ್ಲ. ಸಂಸ್ಕಾರಗಳು ಬದುಕಿರುವವರಿಗೆ. ಇಲ್ಲ ಎನ್ನುವಾಗ ತಾಯಿಯ ಮುಖ ನೋಡುವುದು ಸುಲಭವಲ್ಲ, ಆದರೂ ಹಾಕುವುದಿಲ್ಲ. ಹಾಕಿದರೆ ಅದು ಇಲ್ಲದೆ ಮಗುವಿಗೆ ಗತಿಯಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಹೆಸರಿಟ್ಟು ಪ್ರಾರ್ಥಿಸುತ್ತೇನೆ, ಧರ್ಮಾಧ್ಯಕ್ಷರ ಅನುಮತಿಯಿಂದ ಚರ್ಚಿನಲ್ಲೇ ಅಂತ್ಯಕ್ರಿಯೆ ಮಾಡುತ್ತೇನೆ. ಜ್ಞಾನಸ್ನಾನ ಕೊಡಿಸಬೇಕೆಂದಿದ್ದ ತಂದೆತಾಯಿಗೆ ಅದೇ 1183ನೇ ವಿಧಿಯಲ್ಲಿ ದಾರಿಯಿದೆ.

ಮತ್ತೆ ಅಜ್ಜಿಯಂದಿರಿಗೆ ಒಂದು ಮಾತು. ಮಗ ಬೇರೆ ಧರ್ಮದ ಹುಡುಗಿಯನ್ನು ಮದುವೆಯಾಗಿದ್ದಾನೆ, ಮೊಮ್ಮಗುವಿಗೆ ಏನೂ ಮಾಡಿಸಿಲ್ಲ. ಸೊಸೆ ಸ್ನಾನಕ್ಕೆ ಹೋದಾಗ ಅಡುಗೆಮನೆಯ ಸಿಂಕಿನಲ್ಲಿ ಗುಟ್ಟಾಗಿ ನೀರು ಹಾಕಿ, ಭಾನುವಾರ ಬಂದು ನನ್ನ ಕಿವಿಯಲ್ಲಿ ಹೇಳುತ್ತೀರಿ. ನಿಮ್ಮ ಪ್ರೀತಿ ಗೊತ್ತು. ಆದರೂ ಬೇಡ. ತಂದೆತಾಯಿಯಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ವಿಶ್ವಾಸದಲ್ಲಿ ಬೆಳೆಯುವ ಭರವಸೆ ಇರಬೇಕು, ಇದು 868ನೇ ವಿಧಿ. ಸಾವಿನ ಅಪಾಯದಲ್ಲಿ ಆ ವಿಧಿ ಸಡಿಲವಾಗುತ್ತದೆ ಎಂಬುದು ನನಗೂ ಗೊತ್ತು. ಆದರೂ ಪರರ ಮಗುವಿಗೆ ಅವರನ್ನು ಕೇಳದೆ ನೀರು ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಮೊಮ್ಮಗುವಿಗೆ ಏನಾಗಿದೆ? ಹೋದ ವಾರ ಚರ್ಚಿನ ಅಂಗಳದಲ್ಲಿ ನನ್ನ ಕನ್ನಡಕ ಕಿತ್ತುಕೊಂಡು ಓಡಿತು.

ಉಳಿದವರು ಮಗು ಹುಟ್ಟಿದ ಕೆಲವು ವಾರಗಳಲ್ಲೇ ಬನ್ನಿ. ಕಾನೂನಿನಲ್ಲೂ ಹಾಗೇ ಇದೆ. ಬಿರಿಯಾನಿ ಆಮೇಲೆ ಮಾಡಿ, ನಾನೂ ಬರುತ್ತೇನೆ. ಆಸ್ಪತ್ರೆಯಲ್ಲಿ ಆಗಿದ್ದರೆ ಮತ್ತೊಮ್ಮೆ ನೀರು ಹಾಕುವುದಿಲ್ಲ, ತೈಲ, ಬಿಳಿ ಬಟ್ಟೆ, ಮೇಣದಬತ್ತಿಯ ಭಾಗ ಮಾತ್ರ ಪೂರೈಸುತ್ತೇವೆ. ಯಾರು ನೀರು ಹಾಕಿದರು, ಯಾವ ದಿನ, ಯಾರು ನೋಡಿದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ರಿಜಿಸ್ಟರಿಗೆ ಬೇಕು. ಜನನ ಪ್ರಮಾಣಪತ್ರದ ಜೆರಾಕ್ಸ್ ಕೂಡ.