ಏಳು ಇನಿಂಗ್ಸ್ ಆದಮೇಲೆ ಪಿಚರ್‌ನನ್ನು ಕೂರಿಸಿದ್ದು ಯಾಕೆ?

ಮುಂಬೈನ ಮಾಟುಂಗಾದಲ್ಲಿ ಸೇರುವ ನಮ್ಮ ಸ್ಪೋರ್ಟ್ಸ್ ಫಿಸಿಯೋ ಓದುಗುಂಪಿಗೆ ಈ ಟಿಪ್ಪಣಿ. ಕ್ರಿಕೆಟ್ ಬಂದರೆ ಎಲ್ಲರೂ ಮಾತಾಡ್ತೀರಿ, ಬೇಸ್‌ಬಾಲ್ ಬಂದರೆ ಸುಮ್ಮನಾಗ್ತೀರಿ. ಹಾಗಾಗಿ ಆಟದ ಬಗ್ಗೆ ಬೇಕಾದಷ್ಟು ಮಾತ್ರ ಮೊದಲು ಹೇಳ್ತೀನಿ. ಬ್ಯಾಟರ್‌ಗೆ ಚೆಂಡು ಎಸೆಯುವವನೇ ಪಿಚರ್. ಒಂದು ತಂಡಕ್ಕೆ 9 ಇನಿಂಗ್ಸ್, ಇನಿಂಗ್ಸಿಗೆ 3 ಔಟ್. ಬಂದ 27 ಬ್ಯಾಟರ್‌ಗಳಲ್ಲಿ ಒಬ್ಬರೂ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಜಾಗ) ತಲುಪದಂತೆ ನೋಡಿಕೊಂಡರೆ ಅದು ಪರ್ಫೆಕ್ಟ್ ಗೇಮ್. ಅಮೆರಿಕದ ಮೇಜರ್ ಲೀಗ್‌ನಲ್ಲಿ 24ನೆಯದು ಬಂದಿದ್ದು 2023ರಲ್ಲಿ. ಅಷ್ಟು ಅಪರೂಪ. ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದಿದ್ದರೆ ನೋ-ಹಿಟ್ಟರ್, ಬೇರೆ ರೀತಿಯಲ್ಲಿ ಯಾರಾದರೂ ಬೇಸ್ ತಲುಪಿರಬಹುದು, ಅದು ಇದಕ್ಕಿಂತ ಸ್ವಲ್ಪ ಕೆಳಗಿನ ಮೆಟ್ಟಿಲು.

ಈಗ 2022ರ ಏಪ್ರಿಲ್ 13, ಮಿನಿಯಾಪೊಲಿಸ್. ಡಾಡ್ಜರ್ಸ್ ತಂಡದ ಕ್ಲೇಟನ್ ಕರ್ಶಾ 7 ಇನಿಂಗ್ಸ್ ಎಸೆದಿದ್ದಾರೆ. 21 ಬ್ಯಾಟರ್, 21 ಔಟ್, ಅದರಲ್ಲಿ 13 ಸ್ಟ್ರೈಕ್ಔಟ್, ಅಂದರೆ ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟ್. ಎಸೆತ ಬರೀ 80. ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ಅಲ್ಲಿಗೇ ನಿಲ್ಲಿಸಿದರು. ಇನ್ನು ಎರಡೇ ಇನಿಂಗ್ಸ್ ಇತ್ತಲ್ವಾ ಅಂತ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ನನಗೂ ಉರಿಯಿತು. ಆದರೆ ಹಿಂದಿನ ಸೀಸನ್ ಅವರಿಗೆ ಮುಗಿದದ್ದೇ ಮುಂಗೈ ನೋವಿನಲ್ಲಿ. ಮೇಲೆ ಆ ವರ್ಷ ಲಾಕೌಟ್ ಆಗಿ (ತಂಡದ ಮಾಲೀಕರೇ ಆಟಗಾರರನ್ನು ಹೊರಗಿಟ್ಟು) ತಯಾರಿಗೆ ದಿನಗಳೇ ಸಿಕ್ಕಿರಲಿಲ್ಲ. ಅದು ಸೀಸನ್ನಿನ ಅವರ ಮೊದಲ ಪಂದ್ಯ. ಕರ್ಶಾ ಕೂಡ ಆ ತೀರ್ಮಾನ ಒಪ್ಪಿದರು. ಈ ಒಪ್ಪಿಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊಣಕೈಗೆ ಏನಾಗುತ್ತದೆ ಅನ್ನೋದನ್ನು ಚೆನ್ನಾಗಿ ತಿಳ್ಕೊಳ್ಳಿ. ನಿಮ್ಮ ಮೊಣಕೈಯ ಒಳಬದಿ ಮುಟ್ಟಿ, ಎಲುಬಿನ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ ಮುಂಗೈ ಎಲುಬಿಗೆ ಹೋಗುವ, ಎರಡು ಎಲುಬನ್ನು ಹಿಡಿದಿಡುವ ಗಟ್ಟಿ ಪಟ್ಟಿಯೇ ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್. ಎಸೆಯುವಾಗ ಪಿಚರ್‌ನ ಮೈ ಮುಂದಕ್ಕೆ ತಿರುಗಿರುತ್ತದೆ, ಮುಂಗೈ ಮಾತ್ರ ಇನ್ನೂ ಹಿಂದೆಯೇ ಉಳಿದಿರುತ್ತದೆ. ಆ ಗಳಿಗೆಯಲ್ಲಿ ಮೊಣಕೈಯ ಒಳಬದಿ ಬಿಚ್ಚಿಕೊಳ್ಳುವ ಹಾಗೆ ಎಳೆತ ಬೀಳುತ್ತದೆ. ಆ ಎಳೆತವನ್ನು ಲಿಗಮೆಂಟ್ ಒಂದೇ ತಡೆಯಲಾರದು. ಮುಂಗೈಯ ಒಳಬದಿಯ ಸ್ನಾಯುಗಳು ಬಿಗಿಯಾಗಿ ತಮ್ಮ ಪಾಲು ಹೊರುತ್ತವೆ. ಸ್ನಾಯು ದಣಿದರೆ ಆ ಪಾಲೂ ಲಿಗಮೆಂಟ್ ಮೇಲೆಯೇ ಬೀಳುತ್ತದೆ. ಹಾಗಾಗಿ 20ನೇ ಎಸೆತ, 110ನೇ ಎಸೆತ ಎರಡೂ ಒಂದೇ ವೇಗದಲ್ಲಿದ್ದರೂ ಮೊಣಕೈಗೆ ಬೇರೆ ಬೇರೆ.

ಅದು ಹರಿದರೆ ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು, ಟೆಂಡನ್ (ಸ್ನಾಯುವನ್ನು ಎಲುಬಿಗೆ ಸೇರಿಸುವ ಗಟ್ಟಿ ಎಳೆ) ಒಂದನ್ನು ತಂದು ಲಿಗಮೆಂಟ್ ಜಾಗದಲ್ಲಿ ಕೂರಿಸುತ್ತಾರೆ. ಆ ಸರ್ಜರಿ ಮೊದಲು ಮಾಡಿಸಿಕೊಂಡ ಪಿಚರ್ ಟಾಮಿ ಜಾನ್ 1976ಕ್ಕೆ ವಾಪಸ್ ಬಂದು 1989ರವರೆಗೆ ಆಡಿದರು. ಇದನ್ನೇ ಹಿಡಿದುಕೊಂಡು "ಹರಿದರೆ ಹೊಲಿಸಿದರಾಯ್ತು" ಅನ್ನೋರಿದ್ದಾರೆ. ದಯವಿಟ್ಟು ಹಾಗೆ ಬರೀಬೇಡಿ. ಒಂದು ವರ್ಷಕ್ಕಿಂತ ಜಾಸ್ತಿ ಆಟ ಹೋಗುತ್ತದೆ, ಎಲ್ಲರೂ ಮೊದಲಿನಂತೆ ಎಸೆಯುವುದೂ ಇಲ್ಲ.

ಕರ್ಶಾ ಅವರನ್ನು ನಿಲ್ಲಿಸಿದ್ದಕ್ಕೆ ಎದುರು ಉದಾಹರಣೆ ಪಿಚರ್ ಯೋಹಾನ್ ಸಂತಾನ, ಇವರ ಸಮಸ್ಯೆ ಭುಜದ್ದು. 2010ರಲ್ಲಿ ಸರ್ಜರಿ, 2011 ಪೂರ್ತಿ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. 2012ರ ಜೂನ್ 1ರಂದು ನ್ಯೂಯಾರ್ಕ್ ಮೆಟ್ಸ್ ತಂಡದ 50 ವರ್ಷದ ಇತಿಹಾಸದ ಮೊದಲ ನೋ-ಹಿಟ್ಟರ್ ಎಸೆದರು, 134 ಎಸೆತದಲ್ಲಿ. ಅಷ್ಟು ಎಸೆಸುವುದಿಲ್ಲ ಅಂತ ಮೊದಲೇ ಅಂದುಕೊಂಡಿದ್ದ ಮ್ಯಾನೇಜರ್ ಟೆರ್ರಿ ಕಾಲಿನ್ಸ್, ನಿಲ್ಲಿಸಲಾರದೆ ಒದ್ದಾಡಿದರು. ಆಗಸ್ಟ್ ನಂತರ ಸಂತಾನ ಮೇಜರ್ ಲೀಗ್‌ನಲ್ಲಿ ಎಸೆಯಲೇ ಇಲ್ಲ, 2013ರಲ್ಲಿ ಅದೇ ಭುಜಕ್ಕೆ ಮತ್ತೆ ಸರ್ಜರಿ. ಆ 134ರಿಂದಲೇ ಭುಜ ಹೋಯ್ತು ಅಂತ ಉತ್ತರಪತ್ರಿಕೆಯಲ್ಲಿ ಬರೆದರೆ ತಪ್ಪಾಗುತ್ತದೆ. ಮೊದಲೇ ಕೊಯ್ದ ಭುಜ ಅದು, ಕಾರಣವನ್ನು ಒಂದೇ ರಾತ್ರಿಯ ಮೇಲೆ ಹೊರಿಸೋಕೆ ಆಗಲ್ಲ.

ನನಗೆ ಅನ್ನಿಸುವುದು ಇಷ್ಟು. ದಾಖಲೆ ಬಯಸುವುದು ದುರಾಸೆ ಅಲ್ಲ. ಚಿಕ್ಕಂದಿನಿಂದ ಎಸೆದು ಎಸೆದು ಅಲ್ಲಿಗೆ ಬಂದವನಿಗೆ ಆ ರಾತ್ರಿ ಮತ್ತೆ ಸಿಗದೇ ಹೋಗಬಹುದು. ಕೈ ಅವನದು, ಬೆಲೆ ಗೊತ್ತಿದ್ದೂ "ಎಸೀತೀನಿ" ಅಂದರೆ ಆ ಮಾತಿಗೆ ತೂಕ ಇದೆ. ಆದರೆ ಮಿತಿಯ ಮಾತು ಪಂದ್ಯಕ್ಕೆ ಮುಂಚೆ ಆಗಿರಬೇಕು, ಸಂಖ್ಯೆ ಹೇಳಿ, ಆಟಗಾರನ ಎದುರು. ಏಳನೇ ಇನಿಂಗ್ಸ್‌ನಲ್ಲಿ ಜನ ಎದ್ದು ನಿಂತು ಕೂಗುವಾಗ ಯಾರ ತಲೆಯೂ ನೆಟ್ಟಗೆ ಓಡಲ್ಲ. ಕರ್ಶಾ ಒಪ್ಪಿದ್ದು, ತನ್ನ ತಯಾರಿ ಎಷ್ಟಿತ್ತು ಅಂತ ಅವರಿಗೇ ಗೊತ್ತಿದ್ದರಿಂದ.

ಮಕ್ಕಳ ವಿಷಯ ಬೇರೆ. ಶಿವಾಜಿ ಪಾರ್ಕ್‌ನಲ್ಲಿ ಹದಿನೈದರ ಹುಡುಗನೊಬ್ಬ ನಾಲ್ಕು ವಿಕೆಟ್ ತೆಗೆದು, ಸೊಂಟದ ಮೇಲೆ ಕೈಯಿಟ್ಟು ನಿಂತು "ಸರ್, ಅಜೂನ್ ಏಕ್ ಓವರ್" (ಇನ್ನೊಂದು ಓವರ್) ಅಂತ ಬೇಡುತ್ತಿದ್ದ. ಮುಂದಿನ ಮಂಡಿ ಪ್ರತಿ ಎಸೆತಕ್ಕೂ ಕುಸಿಯುತ್ತಿತ್ತು. ಕ್ರಿಕೆಟ್‌ನಲ್ಲಿ ಹೊರೆ ಹೆಚ್ಚಾಗಿ ಬೀಳುವುದು ಮೊಣಕೈಗಲ್ಲ, ಕೆಳಬೆನ್ನಿಗೆ. ಆದರೆ ದಣಿವಿನ ಲೆಕ್ಕ ಅದೇ. ಅಂಥ ಹುಡುಗನ ಒಪ್ಪಿಗೆಯನ್ನು ಒಪ್ಪಿಗೆ ಅನ್ನಬಾರದು, ನಿಲ್ಲಿಸಬೇಕಾದವರು ದೊಡ್ಡವರೇ. ಅಮೆರಿಕದಲ್ಲಿ 2006ರ ಒಂದು ಅಧ್ಯಯನ ಹದಿಹರೆಯದ ಪಿಚರ್‌ಗಳನ್ನು ನೋಡಿತು. ದಣಿದ ಕೈಯಲ್ಲೇ ಮತ್ತೆ ಮತ್ತೆ ಎಸೆದವರಿಗೆ ಸರ್ಜರಿಯ ಸಾಧ್ಯತೆ 36 ಪಟ್ಟು ಅಂತ ಕಂಡಿತು. ಅಲ್ಲಿ ಈಗ ವಯಸ್ಸಿಗೆ ತಕ್ಕ ಮಿತಿ ಇದೆ, 11-12ರವರಿಗೆ ದಿನಕ್ಕೆ 85 ಎಸೆತ, 17-18ರವರಿಗೆ 105.

ಮುಂಬೈನ ತೊಡಕು ಬೇರೆ ಥರದ್ದು. ಅದೇ ಹುಡುಗ ಶಾಲೆಗೆ ಆಡ್ತಾನೆ, ಕ್ಲಬ್ಬಿಗೆ ಆಡ್ತಾನೆ, ಸಂಜೆ ಕೋಚಿಂಗ್‌ನಲ್ಲಿ ನೆಟ್ಸ್ ಹಾಕ್ತಾನೆ. ಮೂರೂ ಕಡೆ ಕೋಚ್ ಬೇರೆ, ಮೂರನ್ನೂ ಕೂಡಿಸುವವರು ಯಾರೂ ಇಲ್ಲ. ನಾವು ಮೈದಾನಕ್ಕೆ ಹೋದಾಗ ನೋವು ಎಲ್ಲಿ ಅಂತ ಕೇಳುವ ಮುಂಚೆ, ಈ ವಾರ ಎಲ್ಲೆಲ್ಲಿ ಎಷ್ಟು ಹಾಕಿದೆ ಅಂತ ಕೇಳೋಣ, ನೆಟ್ಸ್‌ನ ಎಸೆತವನ್ನೂ ಸೇರಿಸಿ ಬರ್ಕೊಳ್ಳೋಣ.