ಹ್ಯಾಲೋವೀನ್ ಓದುವಾಗ ಟರ್ನಿಪ್ ಗಡ್ಡೆಯಿಂದ ಶುರು ಮಾಡಿ

ಹ್ಯಾಲೋವೀನ್ ಅಂದ ಕೂಡಲೇ ಕಣ್ಣಿಗೆ ಬರುವುದು ಕೆತ್ತಿದ ಕುಂಬಳಕಾಯಿ, ದೆವ್ವದ ವೇಷ, ಚಾಕೊಲೇಟ್ ಚೀಲ ಹಿಡಿದ ಅಮೆರಿಕದ ಮಕ್ಕಳು, ಅಲ್ವಾ? ಅಲ್ಲಿಂದ ಓದಲು ಹೊರಟರೆ ಒಂದಕ್ಕೊಂದು ಹೊಂದುವುದೇ ಇಲ್ಲ. ಐರ್ಲೆಂಡ್‌ನಿಂದ ಶುರು ಮಾಡಿ. ನನಗೆ ಇದು ಅರ್ಥವಾಗಿದ್ದು ಹಾಗೆ ಓದಿದ ಮೇಲೇ.

ಮೊದಲು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಹ್ಯಾಲೋ ಅಂದರೆ ಸಂತ, ಈನ್ ಅಂದರೆ ಸಂಜೆ. ನವೆಂಬರ್ 1 ಕ್ರೈಸ್ತರಿಗೆ ಎಲ್ಲ ಸಂತರ ದಿನ, 2 ತೀರಿಹೋದವರನ್ನೆಲ್ಲ ನೆನೆಯುವ ದಿನ. ಇವಕ್ಕೆ ಮುಂಚಿನ ಸಂಜೆ, ಅಕ್ಟೋಬರ್ 31, ಹ್ಯಾಲೋವೀನ್. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಇದೇ ಹೊತ್ತಿಗೆ ಇನ್ನೂ ಹಳೆಯ ಹಬ್ಬ ಒಂದಿತ್ತು, ಸುಗ್ಗಿ ಮುಗಿದು ಚಳಿಗಾಲ ಕಾಲಿಡುವಾಗಿನ ‘ಸಾವಿನ್’. Samhain ಎಂಬ ಅಕ್ಷರ ನೋಡಿ ‘ಸಂಹೈನ್’ ಎಂದು ಓದಬೇಡಿ. ನಮ್ಮ ‘ಸಾವು’ಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಸತ್ತವರು ಆ ರಾತ್ರಿ ಮನೆ ಕಡೆ ಬರುತ್ತಾರೆ ಎಂಬ ನಂಬಿಕೆ ಇದ್ದ ಹಬ್ಬವಾದ್ದರಿಂದ ನೆನಪಿಟ್ಟುಕೊಳ್ಳಲು ಸುಲಭ. ಕೆಲವರು ಸಾವಿನ್ ಅನ್ನುವುದು ಮೃತ್ಯುದೇವರ ಹೆಸರು ಅಂತ ಬರೆಯುತ್ತಾರೆ. ಅದು ತಪ್ಪು. ಐರಿಶ್ ಭಾಷೆಯಲ್ಲಿ ಇವತ್ತಿಗೂ ನವೆಂಬರ್ ತಿಂಗಳ ಹೆಸರೇ ಅದು.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಮನೆಮನೆಗೆ ಹೋಗುವುದು. ಹಿಂದೆ ಇಂಗ್ಲೆಂಡ್‌ನಲ್ಲಿ ಬಡವರು ಬಾಗಿಲಿಗೆ ಬಂದು ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು, ಮನೆಯವರು ‘ಸೋಲ್ ಕೇಕ್’ ಅನ್ನುವ ಪುಟ್ಟ ಕೇಕು ಕೊಡುತ್ತಿದ್ದರು. ಸ್ಕಾಟ್ಲೆಂಡ್‌ನಲ್ಲಿ ಇದಕ್ಕೆ ಹತ್ತಿರದ ಪದ್ಧತಿಗೆ ‘ಗೈಸಿಂಗ್’ ಎನ್ನುತ್ತಾರೆ. ವೇಷ ಹಾಕಿದ ಮಗು ಬಾಗಿಲಲ್ಲಿ ಸುಮ್ನೆ ಕೈಚಾಚುವ ಹಾಗಿಲ್ಲ, ಒಂದು ಹಾಡೋ ಪದ್ಯವೋ ನಗೆಹನಿಯೋ ಹೇಳಬೇಕು, ಆಮೇಲೆ ಹಣ್ಣು, ಬೀಜ, ಕಾಸು ಸಿಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ರೀತಿ ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಐರ್ಲೆಂಡ್‌ನ ಮನೆಗಳಲ್ಲಿ ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿ ಬ್ರೆಡ್ಡು ಇರಲೇಬೇಕು. ಅದರೊಳಗೆ ಉಂಗುರ, ನಾಣ್ಯ, ಬಟ್ಟೆ ಚೂರು ಅಡಗಿಸಿ ಬೇಯಿಸುತ್ತಿದ್ದರು. ನಿಮ್ಮ ತುಂಡಿನಲ್ಲಿ ಉಂಗುರ ಬಂದರೆ ವರ್ಷದೊಳಗೆ ಮದುವೆ, ನಾಣ್ಯ ಬಂದರೆ ದುಡ್ಡು, ಬಟ್ಟೆ ಬಂದರೆ ಬಡತನ. ಅಂಗಡಿಯ ಬ್ರೆಡ್ಡಿನಲ್ಲೂ ಉಂಗುರ ಈಗಲೂ ಸಿಗುತ್ತದೆ.

ಕೆತ್ತಿದ ಕುಂಬಳಕಾಯಿಯೊಳಗೆ ಇಡುವ ದೀಪದ ಕಥೆ ಹೀಗೆ. ಸೈತಾನನಿಗೇ ಮೋಸ ಮಾಡಿದ ಜ್ಯಾಕ್ ಎಂಬುವನಿಗೆ ಸ್ವರ್ಗದಲ್ಲೂ ಜಾಗ ಇಲ್ಲ, ನರಕದಲ್ಲೂ ಇಲ್ಲ, ಅದಕ್ಕೆ ಟರ್ನಿಪ್ ಗಡ್ಡೆ ಕೊರೆದು ಕೆಂಡ ಇಟ್ಟುಕೊಂಡು ಕತ್ತಲಲ್ಲಿ ಅಲೆಯುತ್ತಾನಂತೆ. ಜನರೂ ಗಡ್ಡೆಯನ್ನೇ ಕೆತ್ತುತ್ತಿದ್ದರು. ಡೊನೆಗಾಲ್‌ನ ಅಂಥ ಒಂದು ಗಡ್ಡೆಮುಖದ ಅಚ್ಚು ಮೇಯೊ ಕೌಂಟಿಯಲ್ಲಿರುವ ಐರ್ಲೆಂಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಫೋಟೊ ಖಂಡಿತ ನೋಡಿ, ಆ ಸುಕ್ಕುಮುಖ ಕುಂಬಳಕಾಯಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡ್‌ನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ಅಮೆರಿಕ ಸೇರಿದವರ ಜೊತೆ ಈ ಹಬ್ಬವೂ ಹೋಯಿತು. ಕುಂಬಳಕಾಯಿ ಅಲ್ಲಿನದೇ ಬೆಳೆ, ದೊಡ್ಡದು, ಕೊರೆಯಲು ಸುಲಭ. ಟರ್ನಿಪ್ ಗಡ್ಡೆಯ ಜಾಗಕ್ಕೆ ಅದು ಬಂತು.

ಅಲ್ಲಿ ಹುಡುಗರ ಚೇಷ್ಟೆಯೂ ಜೋರಾಗಿತ್ತು. ಮಿನೆಸೋಟದ ಅನೋಕಾ ಊರು ಅದನ್ನು ತಡೆಯಲೆಂದೇ 1920ರಲ್ಲಿ ಹ್ಯಾಲೋವೀನ್ ಮೆರವಣಿಗೆ ಶುರು ಮಾಡಿತು. ಮಕ್ಕಳು ಬಾಗಿಲಲ್ಲಿ ನಿಂತು ‘ಟ್ರಿಕ್ ಆರ್ ಟ್ರೀಟ್’ ಅನ್ನುವುದರಲ್ಲೂ ಅದೇ ಚೇಷ್ಟೆ ಇದೆ, ತಿಂಡಿ ಕೊಡಿ, ಇಲ್ಲದಿದ್ದರೆ ಕೀಟಲೆ ಮಾಡುತ್ತೇವೆ ಅಂತ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಮಿಠಾಯಿ ಕಷ್ಟವಾಯಿತು. 1947ರಲ್ಲಿ ರೇಷನ್ ಮುಗಿದ ಮೇಲೆ ಈ ಪದ್ಧತಿ ದೇಶವೆಲ್ಲ ಹಬ್ಬಿತು. ಹಾಡು ಹೇಳುವ ಷರತ್ತು ಮಾತ್ರ ಅಲ್ಲಿ ಹೆಚ್ಚು ಕಡೆ ಉಳಿಯಲಿಲ್ಲ, ನನಗೆ ಬೇಜಾರಾಗುವುದು ಅದೊಂದಕ್ಕೆ.

ಇವತ್ತಿನ ಕ್ರಮ ಸರಳ. ಬಾಗಿಲ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು, ಆರಿಸಿದ್ದರೆ ಮುಂದಿನ ಮನೆಗೆ ಹೋಗಬೇಕು. ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಕಂಡರೆ ಅಲ್ಲಿ ಅಲರ್ಜಿ ಇರುವ ಮಕ್ಕಳಿಗೆ ತಿಂಡಿಯ ಬದಲು ಆಟಿಕೆ, ಪೆನ್ಸಿಲ್ ಸಿಗುತ್ತದೆ. 2024ರಲ್ಲಿ ದೀಪಾವಳಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ಅಮೆರಿಕದಲ್ಲಿರುವ ಕನ್ನಡಿಗರೇ, ಮತ್ತೆ ಹಾಗೆ ಬಂದರೆ ಚಾಕೊಲೇಟ್ ಜಾಸ್ತಿ ತಂದಿಡಿ. ನೀವು ಹೊಸ್ತಿಲಲ್ಲಿ ಹಣತೆ ಹಚ್ಚಿಟ್ಟರೆ, ಬೀದಿಯ ಮಕ್ಕಳಿಗೆ ಅದು ‘ಬನ್ನಿ’ ಅಂತ ಕರೆದ ಹಾಗೇ.